ಸಂಜೆಯ ಯೂನಿಟ್ಟಿನ ಬೆಲೆ

ಮಮದಾಪುರವಿರುವ ಗೋಕಾಕ ಸೀಮೆಗೆ ವಿದ್ಯುತ್ತು ಹೊಸದಲ್ಲ. ಘಟಪ್ರಭೆಯ ಜಲಪಾತದಲ್ಲಿ ಬಹು ಹಿಂದೆಯೇ ನೀರಿನಿಂದ ವಿದ್ಯುತ್ ಉತ್ಪಾದನೆಯಾಗಿತ್ತು. ಆದರೆ ಬೇಸಿಗೆಯಲ್ಲಿ ಹೊಳೆ ಬಡವಾದರೆ ಶಕ್ತಿಯೂ ಬಡವಾಗುವುದು. ಶಕ್ತಿ ದೊರೆಯುವ ವೇಳೆಗೂ ಅದು ಬೇಕಾಗುವ ವೇಳೆಗೂ ಹೊಂದಾಣಿಕೆಯಿಲ್ಲದಿರುವುದೇ ಇಂದು ಸೌರಶಕ್ತಿಯ ತೊಡಕೂ ಆಗಿದೆ.

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ ಪಂಪ್‌ಸೆಟ್‌ಗಳು ಮಳೆಗಾಲದಲ್ಲಿಯೇ ಚಾಲೂ ಆದವು. ಜಲಾಶಯಗಳು ತುಂಬದೆ ಜಲವಿದ್ಯುತ್ತೂ ಕುಗ್ಗಿತು. ಆ ಅಕ್ಟೋಬರ್‌ನಲ್ಲಿ ಸರ್ಕಾರವು ವಿದ್ಯುತ್ ಕಾಯ್ದೆಯ 11ನೆಯ ಕಲಮಿನನ್ವಯ, ಇಲ್ಲಿಯ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಪೂರೈಸಬೇಕೆಂದು ಆದೇಶಿಸಬೇಕಾಯಿತು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕು ಹಗಲಿನ ಭಾರವನ್ನು ಹೊರಬಲ್ಲದು. ಹೊತ್ತು ಮುಳುಗಿದ ಮೇಲೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿಗೇ ಮೊರೆಹೋಗಬೇಕು. ಸಂಜೆಯ ಬೇಡಿಕೆ ಏರುತ್ತಲೇ ಹೋದರೆ, ಫಲಕಗಳೆಷ್ಟು ಹೆಚ್ಚಿದರೂ ಆ ಕುಲುಮೆ ಆರದು.

ವರ್ತಕರಿಗೆ ಇದು ಪರಿಸರದ ಮಾತಷ್ಟೇ ಅಲ್ಲ, ಖರ್ಚಿನ ಬಾಬತ್ತೂ ಹೌದು. 10 ಕಿಲೋವಾಟ್ ಮೀರಿದ ವಾಣಿಜ್ಯ ಹಾಗೂ ಕೈಗಾರಿಕಾ ಗ್ರಾಹಕರಿಗೆ, ಬಿಸಿಲಿನ ತಾಸುಗಳ ದರ ಸಾಮಾನ್ಯ ದರಕ್ಕಿಂತ ಶೇಕಡಾ 20ರಷ್ಟಾದರೂ ಕಡಿಮೆ, ಗರಿಷ್ಠ ಬೇಡಿಕೆಯ ತಾಸುಗಳ ದರ ಕನಿಷ್ಠ 1.20 ಪಟ್ಟು ಇರಬೇಕೆಂದು ಕೇಂದ್ರವು 2023ರ ಜೂನ್‌ನಲ್ಲಿ ನಿಯಮ ಮಾಡಿತು. ರಾಜ್ಯದ ದರವನ್ನು ನಿಗದಿಪಡಿಸುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ತಮ್ಮ ಬಿಲ್ಲನ್ನು ಅದರ ಆದೇಶದೊಡನೆ ತಾಳೆ ನೋಡುವುದು ಅವಶ್ಯ. ಉದಾಹರಣೆಗೆ, ಸಾಮಾನ್ಯ ದರ 6 ರೂಪಾಯಿ ಎಂದು ಹಿಡಿದರೆ, ಕೇಂದ್ರದ ನಿಯಮದಂತೆ ಸಂಜೆಯ ಯೂನಿಟ್ಟು 7.20, ಹಗಲಿನದು 4.80. ತಿಂಗಳಿಗೆ 1,000 ಯೂನಿಟ್ಟಿನ ಕೆಲಸವನ್ನು ಸಂಜೆಯಿಂದ ಹಗಲಿಗೆ ಸರಿಸಿದರೆ 2,400 ರೂಪಾಯಿ ಉಳಿಯುತ್ತದೆ. ನಿಗದಿತ ಶುಲ್ಕ ಮಾತ್ರ ಇದರಿಂದ ಇಳಿಯದು.

ಹೊಲದಿಂದ ಮರಳಿದ ಮೇಲೆಯೇ ಗಿರಾಕಿಗಳು ಬರುತ್ತಾರೆ, ಗಿರಣಿಯನ್ನು ಹಗಲು ಓಡಿಸಿ ಏನು ಮಾಡುವುದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಕಾಳನ್ನು ಸಂಜೆ ಇಳಿಸಿಕೊಂಡು ಮರುದಿನ ಬೀಸಿಕೊಡುವುದು ಅಸಾಧ್ಯವೇನಲ್ಲ. ಮೊದಮೊದಲು ಗಿರಾಕಿ ಗೊಣಗಿಯಾನು!

ಚಾವಣಿಯ ಮೇಲೆ ಸ್ವಂತ ಫಲಕ ಹಾಕುವ ಉಮೇದು ಹಲವರಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿರುವುದು ಅನುಕೂಲವೇ ಸರಿ. ಆದರೆ ಮಾರಾಟಗಾರರು ಒತ್ತಿ ಹೇಳದ ಸಂಗತಿಯೊಂದುಂಟು: ಬ್ಯಾಟರಿಯಿಲ್ಲದೆ ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯು, ಲೈನು ಹೋದೊಡನೆ, ಬಿಸಿಲಿದ್ದರೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನನ ಜೀವರಕ್ಷಣೆಗಾಗಿ ಹಾಗೆ ಮಾಡಲಾಗಿದೆ. ಆದುದರಿಂದ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುವ ಮುನ್ನ, ಮೂರು ತಿಂಗಳಾದರೂ ಹಗಲಿನ ಕಡಿತದ ತಾಸುಗಳನ್ನು ಡೈರಿಯಲ್ಲಿ ಬರೆದಿಟ್ಟು, ಅವನ್ನು ಕಳೆದೇ ಕಂತಿನ ಲೆಕ್ಕ ಹಾಕತಕ್ಕದ್ದು.