ಆಸ್ಕರ್ ಮೀನಿಗೆ ಎರಡಡಿ ತೊಟ್ಟಿ ಸಾಕೇ?

ಬೆಳಗಾವಿ-ಖಾನಾಪುರ ರಸ್ತೆಯ ಮಚ್ಛೆಗೆ ಬಂದು ನೆಲೆಸಿದ ಮೇಲೆ ಸಾರಿನ ಮೀನಿಗೇನೂ ನಮಗೆ ದೊಡ್ಡ ತೊಂದರೆ ಆಗಲಿಲ್ಲ, ಗೋವಾ ಕಡೆಯಿಂದ ಹೇಗೋ ಬರುತ್ತದೆ. ಆದರೆ ಊರಿನ ಹೊಳೆಬದಿಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಈಜುವ ಮೀನು ಕಾಣಬೇಕು. ಹಾಗೆ ಒಂದು ಸಂಜೆ ಹೆಬ್ಬೆರಳು ಗಾತ್ರದ ಎರಡು ಆಸ್ಕರ್ ಮರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬಂದವು. ಜೊತೆಗೆ ಎರಡಡಿಯ ಗಾಜಿನ ತೊಟ್ಟಿ. ‘ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ’ ಎಂದು ಅಂಗಡಿಯವರು ಹೇಳಿದರು, ನಾವು ನಂಬಿದೆವು.

ಶುದ್ಧ ಸುಳ್ಳು ಅದು. ಸಣ್ಣ ತೊಟ್ಟಿಯಲ್ಲಿ ಮೀನು ಬೆಳೆಯದೆ ನಿಂತರೆ ಅದು ಹೊಂದಿಕೊಂಡಿದೆ ಎಂದಲ್ಲ, ಹೊಲಸು ನೀರಿನಲ್ಲಿ ನರಳುತ್ತಿದೆ ಎಂದರ್ಥ. ಚೆನ್ನಾಗಿ ಸಾಕಿದ ಆಸ್ಕರ್ ಒಂದಡಿ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ನಮ್ಮಲ್ಲಿ ವರ್ಷ ತುಂಬುವ ಮೊದಲೇ ಜಗಳ ಶುರುವಾಯಿತು. ಒಂದು ದಿನ ಸುಬುಹಿ ನಮಾಝಿಗೆ ಎದ್ದು ನೋಡಿದರೆ ಒಂದು ಮೀನು ರೆಕ್ಕೆ ಹರಿದು ಸತ್ತು ತೇಲುತ್ತಿದೆ. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ಹದೀಸ್ ನೆನಪಿಸಿದ ಉಮ್ಮ, ‘ಕೂಡಿಹಾಕಿದ ಮೇಲೆ ಅದರ ಲೆಕ್ಕ ನಿಮ್ಮ ಮೇಲೆ’ ಎಂದರು. ಎದುರು ಮಾತಾಡಲು ನಮಗೆ ಬಾಯಿ ಇರಲಿಲ್ಲ.

ಆಮೇಲೆ ಕೇಳಿ, ಓದಿ ತಿಳಿದುಕೊಂಡೆವು. ಆಸ್ಕರ್, ಫ್ಲವರ್‌ಹಾರ್ನ್, ಜಾಗ್ವಾರ್, ರೆಡ್ ಡೆವಿಲ್ ಎಲ್ಲವೂ ಸಿಕ್ಲಿಡ್ ಎಂಬ ಕುಟುಂಬದವು. ಈ ಕುಟುಂಬ ನಮಗೆ ಹೊಸತೇನಲ್ಲ. ಕೆರೆಯ ಜಿಲೇಬಿ ಮೀನು, ಕೇರಳದವರ ಕರಿಮೀನ್ ಕೂಡ ಸಿಕ್ಲಿಡ್‌ಗಳೇ. ದಕ್ಷಿಣ ಕನ್ನಡದ ಹೊಳೆಗಳ ಒಂದು ಸಿಕ್ಲಿಡ್‌ಗೆ ಎಟ್ರೊಪ್ಲಸ್ ಕೆನರೆನ್ಸಿಸ್ ಎಂದೇ ಹೆಸರು, ಕೆನರಾದ ಮೀನು! ಇವು ಮೊಟ್ಟೆಯಿಟ್ಟು ಬಿಟ್ಟುಹೋಗುವ ಜಾತಿಯಲ್ಲ. ಜಾಗ ಹಿಡಿದು, ಮೊಟ್ಟೆ-ಮರಿಗಳಿಗೆ ಕಾವಲು ನಿಲ್ಲುತ್ತವೆ. ಹತ್ತಿರ ಬಂದವರನ್ನು ಕಚ್ಚುವುದು ಆ ಕಾವಲಿನ ಗುಣ. ಹೊಳೆಯಲ್ಲಾದರೆ ಸೋತದ್ದು ಓಡಿಹೋಗುತ್ತದೆ, ಎರಡಡಿ ಗಾಜಿನೊಳಗೆ ಎಲ್ಲಿಗೆ ಓಡುವುದು ಮಾರಾಯ್ರೆ?

ಲೆಕ್ಕ ಸುಲಭ ಉಂಟು. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ 56 ಲೀಟರ್ ಮಾತ್ರ. ಬೆಳೆದ ಒಂದು ಆಸ್ಕರ್ ಅಥವಾ ಒಂದು ಫ್ಲವರ್‌ಹಾರ್ನ್‌ಗೆ ಕಡಿಮೆಯೆಂದರೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಬೇಕು, ಅಂದರೆ 250 ಲೀಟರ್. ಎತ್ತರಕ್ಕಿಂತ ಅಗಲ ಮುಖ್ಯ, ಮೀನು ತಿರುಗಬೇಕಲ್ಲ! ಜೋಡಿ ಸಾಕುವ ಆಸೆಯಿದ್ದರೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಅದರ ನೀರೇ 680 ಕಿಲೋ ತೂಗುತ್ತದೆ. ಬಾಡಿಗೆ ಮನೆಯ ಮಹಡಿಯಲ್ಲಿದ್ದವರು ಮಾಲಕರನ್ನು ಕೇಳದೆ ಇಡಬೇಡಿ. ಇವು ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಒಳ್ಳೆಯ ಫಿಲ್ಟರ್ ಇದ್ದರೂ ವಾರಕ್ಕೆ ಕಾಲು ಭಾಗ ನೀರು ಬದಲಿಸಲೇಬೇಕು. ಆ ನಾಲ್ಕೈದು ಬಕೆಟ್ ನೀರನ್ನು ನಾವು ತೆಂಗಿನ ಬುಡಕ್ಕೆ ಹಾಕುತ್ತೇವೆ.

ಕರಾವಳಿಯವರಿಗೆ ಗೊತ್ತಾಗದ ವಿಷಯ ಚಳಿ. ಈ ಮೀನುಗಳಿಗೆ 25ರಿಂದ 28 ಡಿಗ್ರಿ ಬೇಕು. ಮಂಗಳೂರಲ್ಲಿ ಹೀಟರ್ ಇಲ್ಲದೆ ನಡೆಯುತ್ತದೆ, ಇಲ್ಲಿನ ಡಿಸೆಂಬರ್ ರಾತ್ರಿಗೆ ನಡೆಯುವುದಿಲ್ಲ. ನಾಲ್ಕಡಿ ತೊಟ್ಟಿಗೆ ನಾವು 300 ವಾಟ್‌ನದ್ದು ಹಾಕಿದ್ದೇವೆ.

ಫ್ಲವರ್‌ಹಾರ್ನ್ ಬಗ್ಗೆ ಒಂದು ಮಾತು. 1990ರ ದಶಕದಲ್ಲಿ ಮಲೇಶ್ಯಾದಲ್ಲಿ ಮನುಷ್ಯರೇ ತಳಿ ಬೆರೆಸಿ ಮಾಡಿದ ಮೀನು ಇದು. ಹಣೆಯ ಗುಬುಟು, ಮೈಮೇಲಿನ ಗುರುತು ನೋಡಿ ಅದೃಷ್ಟ ತರುತ್ತದೆಂದು ಕೊಳ್ಳುವವರಿದ್ದಾರೆ. ನಮ್ಮವರೂ ಅದಕ್ಕೆ ದುಡ್ಡು ಸುರಿಯುವುದು ಕಂಡರೆ ಎಂತ ಹೇಳುವುದು? ಅದೃಷ್ಟ ಕೊಡುವುದು ಮೀನಾ?

ಸಾಕಲಾಗದಿದ್ದಾಗ ‘ಹೊಳೆಗೆ ಬಿಟ್ಟರೆ ಪುಣ್ಯ’ ಎನ್ನುವವರಿದ್ದಾರೆ. ನಮಗೂ ಆ ಸಲಹೆ ಬಂದಿತ್ತು. ಮಲಪ್ರಭೆ ಹುಟ್ಟುವುದು ಇದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿನ ಸಣ್ಣ ಮೀನುಗಳ ನಡುವೆ ಹೊರಗಿನ ಹೊಟ್ಟೆಬಾಕನನ್ನು ಬಿಡುವುದು ಇನ್ನೊಂದು ಕೊಲೆ. ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ.

ಉಳಿದ ಆಸ್ಕರ್ ಈಗ ನಾಲ್ಕಡಿ ತೊಟ್ಟಿಯಲ್ಲಿ ಒಂಟಿಯಾಗಿದೆ, ಹನ್ನೊಂದು ಇಂಚು ಮುಟ್ಟಿದೆ. ಉಮ್ಮ ಬಂದರೆ ಗಾಜಿನ ಹತ್ತಿರ ಬರುತ್ತದೆ, ತಿಂಡಿ ಹಾಕುವುದು ಅವರೇ ಅಲ್ಲವೇ. ಹಳೆಯ ಎರಡಡಿ ತೊಟ್ಟಿಯಲ್ಲಿ ಮಕ್ಕಳು ಗಪ್ಪಿ ಸಾಕುತ್ತಿದ್ದಾರೆ.