ಬಿಡದಿ ಸೀಮೆಯ ಬೇಸಿಗೆ: ಎರಡು ಎಕರೆ ತೋಟದ ನೀರಿನ ಲೆಕ್ಕ

ಬಿಡದಿ: ಹಳೆಯ ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆಂದು ವಾಹನ ನಿಲ್ಲಿಸುವ ಬೆಂಗಳೂರಿಗರಿಗೆ ಇಲ್ಲಿನ ತೆಂಗು, ಮಾವು, ಹಿಪ್ಪುನೇರಳೆ ತೋಟಗಳು ಏಪ್ರಿಲ್ ತಿಂಗಳಿನಲ್ಲಿಯೂ ಹಸಿರಾಗಿಯೇ ಕಾಣುತ್ತವೆ. ವಾರಾಂತ್ಯಕ್ಕೊಂದು ತೋಟವಿರಲಿ ಎಂಬ ಆಸೆ ಹುಟ್ಟುವುದೂ ಆಗಲೇ. ಆದರೆ ಎರಡು ಎಕರೆ ಜಮೀನು, ಎರಡು ಹಸು, ಒಂದು ಕೊಳವೆಬಾವಿ ನೆಚ್ಚಿಕೊಂಡ ಕುಟುಂಬಕ್ಕೆ ಫೆಬ್ರುವರಿಯಿಂದ ಮೇ ಅಂತ್ಯದವರೆಗಿನ ಅವಧಿ ವರ್ಷದ ಅತಿ ಕಠಿಣ ಪರೀಕ್ಷೆ. ವಿಚಿತ್ರವೆಂದರೆ, ವರ್ಷದ ಒಳ್ಳೆಯ ಆದಾಯವೊಂದು ಕೈಸೇರುವುದೂ ಇದೇ ಅವಧಿಯಲ್ಲಿ.

ಮೊದಲಿಗೆ ನೀರು. ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಲ್ಲಬೇಕಾದರೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ಅರ್ಧ ಎಕರೆ ಹಿಪ್ಪುನೇರಳೆಗೆ ಹತ್ತು ದಿನಕ್ಕೊಮ್ಮೆ ಒಂದೂವರೆ ಅಂಗುಲ ಹಾಯಿಸಿದರೆ ದಿನದ ಸರಾಸರಿ 7,500 ಲೀಟರ್ ದಾಟುತ್ತದೆ. ನಲವತ್ತು ತೆಂಗಿನ ಮರಗಳಿಗೆ ಮರವೊಂದಕ್ಕೆ 50 ಲೀಟರಿನಂತೆ ಎರಡು ಸಾವಿರ ಲೀಟರ್. ಬಿಸಿಲಿನಲ್ಲಿ ಸೀಮೆ ಹಸುವೊಂದು ದಿನಕ್ಕೆ 80ರಿಂದ 100 ಲೀಟರ್ ನೀರು ಕುಡಿಯುತ್ತದೆ. ಮೈ ತೊಳೆಯಲು, ಕೊಟ್ಟಿಗೆ ಸ್ವಚ್ಛಗೊಳಿಸಲು, ಮನೆ ಬಳಕೆಗೆ ಬೇಕಾದದ್ದು ಬೇರೆ. ಒಟ್ಟಾರೆ ಹತ್ತು ಸಾವಿರ ಲೀಟರ್ ಎಂದಿಟ್ಟುಕೊಳ್ಳಬಹುದು.

ಇತ್ತ ಬೇಸಿಗೆಯಲ್ಲಿ ಸೊರಗಿದ ಕೊಳವೆಬಾವಿ ಗಂಟೆಗೆ ಸಾವಿರ ಲೀಟರ್ ಎತ್ತುತ್ತದೆ ಎಂದುಕೊಂಡರೂ, ಪಂಪ್‌ಸೆಟ್‌ಗೆ ಏಳು ಗಂಟೆ ಮೂರು ಫೇಸ್ ವಿದ್ಯುತ್ ಸಿಕ್ಕರೆ ಬರುವುದು ಏಳು ಸಾವಿರ ಲೀಟರ್ ಮಾತ್ರ. ಉಳಿದ ಮೂರು ಸಾವಿರ ಲೀಟರಿನ ಕೊರತೆಯನ್ನು ಯಾವುದರ ಮೇಲೆ ಹೇರಬೇಕು ಎಂಬುದೇ ಸಣ್ಣ ಹಿಡುವಳಿದಾರನ ಬೇಸಿಗೆಯ ಪ್ರಶ್ನೆ. ಹಸುವಿಗೆ ಕಡಿಮೆ ಮಾಡುವಂತಿಲ್ಲ. ತೆಂಗಿಗೆ ಕಡಿಮೆ ಮಾಡಿದರೆ ಎಳೆಗಾಯಿ ಉದುರುತ್ತವೆ. ಅದರ ಪೂರ್ಣ ನಷ್ಟ ತಿಳಿಯುವುದು ತಿಂಗಳುಗಳು ಕಳೆದ ಮೇಲೆ. ಹೀಗಾಗಿ ಕತ್ತರಿ ಬೀಳುವುದು ಬಹುಪಾಲು ಹಿಪ್ಪುನೇರಳೆಗೆ. ಹನಿ ನೀರಾವರಿ ಮತ್ತು ಒಣಸೊಪ್ಪಿನ ಮುಚ್ಚಿಗೆ ಇದ್ದ ಕಡೆ ಈ ಕೊರತೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಇವೆರಡೂ ಇಲ್ಲದೆ ಇನ್ನೊಂದು ಕೊಳವೆಬಾವಿ ಕೊರೆಸಲು ಸಾಲ ಮಾಡುವುದು ಜೂಜಿಗೆ ಸಮ.

ರೇಷ್ಮೆಯ ಲೆಕ್ಕ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಬಿಡದಿ, ಕನಕಪುರ, ಮಾಗಡಿ, ಚನ್ನಪಟ್ಟಣದ ಸಣ್ಣ ರೈತರಿಗೆ ಅದು ತಿಂಗಳೊಪ್ಪತ್ತಿನಲ್ಲಿ ನಗದು ಕಾಣಿಸುವ ಜಾಗ. ಆದರೆ ರೇಷ್ಮೆ ಹುಳು ಬಿಸಿಲನ್ನು ಸಹಿಸುವ ಜೀವಿಯಲ್ಲ. ಚಾಕಿ ಹಂತದಲ್ಲಿ 27ರಿಂದ 28 ಡಿಗ್ರಿ ಉಷ್ಣಾಂಶ, ಶೇ 80ಕ್ಕೂ ಮೇಲ್ಪಟ್ಟ ತೇವಾಂಶ ಬೇಕು. ನಾಲ್ಕನೇ ಜ್ವರ ಕಳೆದು ದೊಡ್ಡದಾದ ಹುಳುವಿಗೆ 25 ಡಿಗ್ರಿ ಸಾಕು. ಹೊರಗೆ 36 ಡಿಗ್ರಿ ಇರುವಾಗ ಶೀಟಿನ ಮನೆಯೊಳಗೆ ಇದನ್ನು ಕಾಯ್ದುಕೊಳ್ಳುವುದು ಸುಲಭವಲ್ಲ. ಛಾವಣಿಯ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿಚೀಲ, ನೆಲಕ್ಕೆ ನೀರು: ಅಲ್ಲಿಯೂ ಬೇಕಾಗುವುದು ನೀರೇ.

ಕಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ಹುಳು ತನ್ನ ಜೀವಿತಾವಧಿಯಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಕೊನೆಯ ಹಂತದ ಒಂದು ವಾರದಲ್ಲಿ ಖರ್ಚಾಗುತ್ತದೆ. ಆ ವಾರದಲ್ಲಿ ತೋಟ ಬಾಡಿದ್ದರೆ ಸೊಪ್ಪು ಕೊಳ್ಳಲೇಬೇಕು. ತೇವಾಂಶವಿಲ್ಲದ ಸೊಪ್ಪು ತಿಂದ ಹುಳುಗಳಿಗೆ ಸಪ್ಪೆ ರೋಗ, ಹಾಲುತೊಂಡೆ ರೋಗ ತಗುಲುವ ಸಾಧ್ಯತೆ ಹೆಚ್ಚು. ಮೂರು ವಾರ ಮೇಯಿಸಿದ ಹುಳುಗಳನ್ನು ಚಂದ್ರಿಕೆಗೆ ಹಾಕುವ ಮುನ್ನವೇ ಗುಂಡಿಗೆ ಸುರಿಯಬೇಕಾದ ಸ್ಥಿತಿ ಬಂದರೆ ಮೊಟ್ಟೆ, ಸೊಪ್ಪು, ಕೂಲಿ ಎಲ್ಲವೂ ನಷ್ಟ. ಆದ್ದರಿಂದಲೇ ಅನುಭವಿಗಳು ಏಪ್ರಿಲ್‌ನಲ್ಲಿ ನೂರು ಮೊಟ್ಟೆಯ ಜಾಗದಲ್ಲಿ ಐವತ್ತು ಮೇಯಿಸುತ್ತಾರೆ, ಅಥವಾ ಒಂದು ಬೆಳೆಯನ್ನೇ ಬಿಟ್ಟು ತೋಟಕ್ಕೆ ವಿಶ್ರಾಂತಿ ನೀಡುತ್ತಾರೆ.

ಹಾಲಿನದ್ದು ಸದ್ದಿಲ್ಲದ ನಷ್ಟ. ಎಚ್‌ಎಫ್ ಮಿಶ್ರತಳಿಯ ಹಸು ಸೆಕೆಗೆ ಮೇವು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಹಾಲಿನ ಪ್ರಮಾಣ ಇಳಿಯುತ್ತದೆ, ಜಿಡ್ಡಿನ ಅಂಶವೂ ಇಳಿಯುತ್ತದೆ. ಡೇರಿಯಲ್ಲಿ ದರ ನಿಗದಿಯಾಗುವುದು ಗುಣಮಟ್ಟದ ಮೇಲೆ. ಹಾಗಾಗಿ ಹೊಡೆತ ಎರಡು ಕಡೆಯಿಂದ. ಅದೇ ಸಮಯಕ್ಕೆ ಹಸಿ ಮೇವು ಮುಗಿದು ರಾಗಿ ಹುಲ್ಲಿನ ಬಣವೆಯೂ ಕರಗಿರುತ್ತದೆ. ಹಳ್ಳಿಕಾರ್ ತಳಿಯ ನಾಟಿ ಹಸುಗಳಿಗೆ ಈ ಬಾಧೆ ಕಡಿಮೆ, ಆದರೆ ಅವುಗಳ ಹಾಲಿನಿಂದ ಸಂಸಾರ ಸಾಗದು.

ಮಾವು ಕೈಹಿಡಿದರೆ

ಈ ಎಲ್ಲ ಕೊರತೆಯನ್ನು ತುಂಬಿಸುವ ಶಕ್ತಿ ಇರುವುದು ಮಾವಿಗೆ. ಕೋಲಾರದ ಹಣ್ಣಿಗಿಂತ ಮೊದಲೇ, ಮಾರ್ಚ್ ಕೊನೆಯಿಂದಲೇ, ರಾಮನಗರ ಸೀಮೆಯ ಬಾದಾಮಿ, ಸೇಂದೂರ ಮಾರುಕಟ್ಟೆ ಪ್ರವೇಶಿಸುತ್ತವೆ. ಬೇಗ ಬರುವುದೇ ಇಲ್ಲಿನ ಬೆಳೆಗಾರರ ಬಂಡವಾಳ. ಆದರೆ ಹೂ ಬಿಟ್ಟಾಗಲೇ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟವರಿಗೆ ಆ ಲಾಭ ದಕ್ಕುವುದಿಲ್ಲ. ಕೊಡದೆ ಉಳಿಸಿಕೊಂಡವರು ಜಿಗಿಹುಳು, ಹಣ್ಣುನೊಣ, ಆಲಿಕಲ್ಲಿನ ಭಯವನ್ನು ತಾವೇ ಹೊರಬೇಕು. ಚನ್ನಪಟ್ಟಣ, ಕನಕಪುರದ ಕಾಡಂಚಿನಲ್ಲಿ ಆನೆಗಳ ಭಯವೂ ಸೇರುತ್ತದೆ.

ಭರಣಿ ಮಳೆಯನ್ನು ರೈತ ಕಾಯುವುದೂ ಹೆದರುವುದೂ ಇದೇ ಕಾರಣಕ್ಕೆ. ಏಪ್ರಿಲ್ ಕೊನೆಯ ಒಂದು ಹದವಾದ ಮಳೆ ಉಳುಮೆಗೆ, ಎಳ್ಳು–ಅಲಸಂದೆ ಬಿತ್ತನೆಗೆ, ಸೀಮೆ ಹುಲ್ಲಿಗೆ ಜೀವ. ಅದೇ ಮಳೆ ಬಿರುಗಾಳಿಯೊಡನೆ ಬಂದರೆ ಬಲಿಯುತ್ತಿರುವ ಮಾವು ನೆಲಕ್ಕೆ, ಗೊನೆ ಹೊತ್ತ ಬಾಳೆಯೂ ನೆಲಕ್ಕೆ.

2024 ಇದಕ್ಕೆ ವ್ಯತಿರಿಕ್ತ. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಆ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ನಗರಕ್ಕೆ ಅದು ಟ್ಯಾಂಕರ್ ನೀರಿನ ಸುದ್ದಿಯಾದರೆ, ತೋಟಗಳಿಗೆ ಮರ ಉಳಿಸಿಕೊಳ್ಳುವ ಪ್ರಶ್ನೆಯಾಗಿತ್ತು.

ಬಿಡದಿಯ ಒಂದು ಭಾಗಕ್ಕೆ ಮಾತ್ರ ನೀರಿನ ಬರವಿಲ್ಲ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಜಲಾಶಯಕ್ಕೆ ವರ್ಷವಿಡೀ ಹರಿಯುತ್ತದೆ. ಅದರ ಅಚ್ಚುಕಟ್ಟಿನಲ್ಲಿ ಕಡುಬೇಸಿಗೆಯಲ್ಲೂ ಹಸಿ ಮೇವು ನಳನಳಿಸುತ್ತದೆ, ಹಸುಗಳಿಗೆ ಹೊಟ್ಟೆ ತುಂಬುತ್ತದೆ. ಇಲ್ಲಿನ ನೀರು, ಮಣ್ಣು, ತರಕಾರಿಗಳಲ್ಲಿ ಭಾರಲೋಹಗಳಿರುವುದನ್ನು ಅಧ್ಯಯನಗಳು ತೋರಿಸಿವೆ. ನಗರ ಬಿಟ್ಟ ನೀರು ಸೊಪ್ಪು, ಹಾಲಿನ ರೂಪದಲ್ಲಿ ನಗರಕ್ಕೇ ಮರಳುತ್ತಿದೆ ಎಂಬುದನ್ನು ಕೊಳ್ಳುವವರು ಅಷ್ಟಾಗಿ ಯೋಚಿಸಿದಂತಿಲ್ಲ.

ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಸಾವಿರಾರು ಎಕರೆಯನ್ನು ಟೌನ್‌ಶಿಪ್‌ಗೆ ಸ್ವಾಧೀನಪಡಿಸಿಕೊಳ್ಳಲು 2025ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಬಿದ್ದಿತು, ರೈತರು ಪ್ರತಿಭಟನೆಗಿಳಿದರು. ಇದೇ ಬಿಡದಿಯಲ್ಲಿ ಟೌನ್‌ಶಿಪ್ ಪ್ರಸ್ತಾಪ ಮೊದಲು ಕೇಳಿಬಂದದ್ದು 2006ರ ಸುಮಾರಿಗೆ. ಕೃಷಿಹೊಂಡ ತೋಡಿಸುವುದು, ಹನಿ ನೀರಾವರಿಗೆ ಹಣ ಹಾಕುವುದು, ಮಾವಿನ ಸಸಿ ನೆಡುವುದು ಇವೆಲ್ಲ ಐದು–ಹತ್ತು ವರ್ಷಗಳ ನಂಬಿಕೆಯ ಮೇಲೆ ಮಾಡುವ ಕೆಲಸಗಳು. ಅಧಿಸೂಚನೆಯ ಪಟ್ಟಿಯಲ್ಲಿ ತನ್ನ ಸರ್ವೆ ನಂಬರ್ ಕಂಡ ರೈತ ಈ ಬೇಸಿಗೆಗೆ ಬೇಕಾದ ಪೈಪು ಕೊಳ್ಳಲೂ ಎರಡು ಬಾರಿ ಯೋಚಿಸುತ್ತಾನೆ.