ಈ ಹಗ್ಗ ಎಳೆದರೆ ಕಾರ್ ಫ್ಯಾಕ್ಟರಿನೇ ನಿಲ್ಲುತ್ತೆ!

ಒಬ್ಬ ಸಾಮಾನ್ಯ ಕೆಲಸಗಾರ
ಕಾರ್ ಫ್ಯಾಕ್ಟರಿಯ ಇಡೀ ಲೈನ್ ನಿಲ್ಲಿಸಬಹುದಾ?

ನಿಲ್ಲಿಸಬಹುದು.
ಟೊಯೋಟಾದವರು ಅದಕ್ಕಂತಲೇ ಒಂದು ಹಗ್ಗ ಕಟ್ಟಿದರು.
ಆಂಡಾನ್ ಹಗ್ಗ.

ನಮ್ಮ ಕೆಂಪು ಬಸ್ಸಲ್ಲಿ
ಕಂಡಕ್ಟರ್ ಬೆಲ್ ಹಗ್ಗ ಎಳೀತಿದ್ರಲ್ಲ,
ಹೆಚ್ಚುಕಮ್ಮಿ ಹಾಗೇ.
ಆದರೆ ಇಲ್ಲಿ ಎಲ್ಲರೂ ಕಂಡಕ್ಟರೇ!

ನಟ್ಟು ಸರಿಯಾಗಿ ಕೂರ್ತಿಲ್ವಾ?
ಎಳಿ.
ದೀಪ ಹತ್ತುತ್ತೆ.
ಟೀಮ್ ಲೀಡರ್ ಓಡಿ ಬರ್ತಾರೆ.
ಬೈಯೋಕಲ್ಲ, ಕೈಜೋಡಿಸೋಕೆ.
ಬೇಗ ಸರಿಹೋದ್ರೆ ಲೈನ್ ನಿಲ್ಲೋದೇ ಇಲ್ಲ.
ಸರಿಹೋಗಲಿಲ್ವಾ? ಆಗ ನಿಲ್ಲುತ್ತೆ.

ಈಗ ಅಸಲಿ ಕಥೆ.
ಕ್ಯಾಲಿಫೋರ್ನಿಯಾದ ಫ್ರೀಮಾಂಟ್.
ಅಲ್ಲಿ ಜನರಲ್ ಮೋಟಾರ್ಸ್ ಫ್ಯಾಕ್ಟರಿ ಇತ್ತು.
ತಪ್ಪು ಕಂಡರೂ ಲೈನ್ ನಿಲ್ಲಿಸೋ ಹಾಗಿಲ್ಲ.
ಕಾರು ಮುಂದೆ ಹೋಗ್ತಾನೇ ಇರಬೇಕು!
ದಿನಾ ಜಗಳ, ಗೈರುಹಾಜರಿ.
1982ರಲ್ಲಿ ಬಾಗಿಲು ಹಾಕಿದರು.

1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದರು.
ಕೆಲಸಗಾರರು ಯಾರು ಗೊತ್ತಾ?
ಬಹುಪಾಲು ಅದೇ ಹಳೇ ಜನ.
ಯೂನಿಯನ್ನೂ ಅದೇ.

ಹೊಸದೇನು?
ಜಪಾನಿನಲ್ಲಿ ತರಬೇತಿ,
ಚಿಕ್ಕ ಚಿಕ್ಕ ತಂಡಗಳು,
ತಲೆ ಮೇಲೆ ಆ ಹಗ್ಗ.

ಗೈರುಹಾಜರಿ ಧಡಕ್ಕನೆ ಇಳೀತು.
ಕಾರಿನ ಗುಣಮಟ್ಟ ಏರಿತು.
'ನಮ್ಮ ಜನಾನೇ ಸರಿ ಇಲ್ಲ' ಅನ್ನೋ ಮ್ಯಾನೇಜರ್‌ಗಳು
ಈ ರೀಲನ್ನ ಎರಡು ಸಲ ನೋಡಿ, ಪ್ಲೀಸ್!

ನಿಮ್ಮ ಆಫೀಸಲ್ಲಿ ಹಗ್ಗ ಇಲ್ಲ, ಗೊತ್ತು.
ಆದರೂ ತಪ್ಪು ಕಂಡ ದಿನವೇ ಹೇಳಿ.
'ಏನೂ ಸರಿ ಇಲ್ಲ ಸಾರ್' ಅಂದ್ರೆ ಯಾರೂ ಕೇಳಲ್ಲ.
'ಇಲ್ಲಿ ಕೆಡ್ತಿದೆ, ಹೀಗೆ ಕೆಡ್ತಿದೆ, ಬನ್ನಿ ತೋರಿಸ್ತೀನಿ'
ಅಂತ ಕರೀರಿ.